ಅಂಗಾತ ಮಲಗಿದವರಿಗೆ ಚಿನ್ನ

ಕರಾಟೆಯ ಕುಮಿಟೆಯಲ್ಲಿ, ಅಂದರೆ ಎದುರಾಳಿಯೊಡನೆ ಸೆಣಸುವಾಗ, ಒದೆಯುವುದಕ್ಕಿಂತ ಒದೆತವನ್ನು ಹದದಲ್ಲಿಡುವುದೇ ಕಷ್ಟ. ನಂಬದವರು ಸೌದಿಯ ತಾರೆಗ್ ಹಮೆದಿಯವರನ್ನು ನೆನೆಯಲಿ.

2021ರ ಆಗಸ್ಟ್, ಟೋಕಿಯೊ ಒಲಿಂಪಿಕ್ಸ್ ಫೈನಲ್. 4–1ರಿಂದ ಮುಂದಿದ್ದ ಹಮೆದಿ ಬೀಸಿದ ಕಾಲು ಇರಾನಿನ ಸಜ್ಜಾದ್ ಗಂಜ್‌ಜಾದೆ ಅವರ ಕುತ್ತಿಗೆಗೆ ಬಿತ್ತು. ಆಸಾಮಿ ಅಲ್ಲೇ ಅಂಗಾತ! ಸ್ಟ್ರೆಚರ್ ಬಂತು. ತಲೆಯೆತ್ತರಕ್ಕೆ ಒದ್ದರೆ 3 ಅಂಕವೇನೋ ನಿಜ. ಆದರೆ ಎದುರಾಳಿ ಎದ್ದು ನಿಲ್ಲುವಂತಿರಬೇಕಲ್ಲ! ಹಮೆದಿ ಅನರ್ಹರಾದರು, ಬೆಳ್ಳಿಗೆ ಇಳಿದರು. ಚಿನ್ನ ಗೆದ್ದವರಿಗೋ, ಎಚ್ಚರವಾದ ಮೇಲಷ್ಟೇ ಸುದ್ದಿ ಮುಟ್ಟಿದ್ದು.

ಈ ಹದ ಬರಲೆಂದೇ ಡೋಜೋಗಳಲ್ಲಿ, ಅಂದರೆ ಕರಾಟೆ ಶಾಲೆಗಳಲ್ಲಿ, ಹೊಸಬರಿಗೆ ಮೊದಲು ಹಿಮ್ಮಡಿ ಎತ್ತಿ ಪುಟಿಯುವುದು, ಅಂತರ ಅಳೆಯುವುದು, ಹೊಡೆದ ಕೂಡಲೇ ಹಿಂದೆ ಸರಿಯುವುದು. ಆಮೇಲೆ ಜೊತೆಗಾರನ ಮೂಗಿನಿಂದ ಬೆರಳಷ್ಟು ದೂರದಲ್ಲಿ ಮುಷ್ಟಿ ನಿಲ್ಲಿಸುವ ಅಭ್ಯಾಸ. ಆ ಮೂಗಿನ ಯಜಮಾನನಿಗೆ ಕಣ್ಣು ಮಿಟುಕಿಸದೆ ನಿಲ್ಲುವ ಪಾಠ ಪುಕ್ಕಟೆ.