ಗುಂಡುಕಲ್ಲಿಗೆ ಹಿಡಿ ಎಲ್ಲಿ?

ಜಿಮ್ಮಿನ ಮೆಷಿನ್ನಿನಲ್ಲಿ ತೂಕದ ಬಿಲ್ಲೆಗಳ ಮೇಲೆ ಅಂಕಿ ಬರೆದಿರುತ್ತಾರಲ್ಲ ರಾಯರೇ, ಅದೊಂದು ಸೋಜಿಗ ನೋಡಿ. ಕೇಬಲ್ಲು ರಾಟೆಗಳನ್ನು ಹೇಗೆ ಸುತ್ತಿ ಬರುತ್ತೆ ಅನ್ನೋದರ ಮೇಲೆ ಕೈಗೆ ಬರುವ ಭಾರವೇ ಬದಲಾಗುತ್ತೆ. ನಡುವೆ ಚಲಿಸುವ ರಾಟೆ ಒಂದಿದ್ದರೆ 40 ಕಿಲೋಗೆ ಪಿನ್ನು ಸಿಗಿಸಿದರೂ ಕೈಗೆ ಸಿಗೋದು 20ರಷ್ಟೇ. ಜಿಮ್ಮು ಬದಲಾಯಿಸಿದವರು ‘ಶಕ್ತಿ ಎಲ್ಲಿ ಹೋಯ್ತಪ್ಪಾ’ ಅಂತ ಪೇಚಾಡೋದು ಇದಕ್ಕೇ. ಬಾರ್‌ಬೆಲ್ಲಿನಲ್ಲಿ ಆ ಗೊಂದಲವಿಲ್ಲ. ಸ್ಪರ್ಧೆಯ ಸರಳು ಗಂಡಸರಿಗೆ 20 ಕಿಲೋ, ಹೆಂಗಸರಿಗೆ 15, ಕೆಂಪು ಪ್ಲೇಟು 25. ಯಾವ ಊರಿಗೆ ಹೋದರೂ ಅಷ್ಟೇ.

ಊರು ಅಂದಾಗ ಕುಂದಾಪುರ ಕಡೆಯ ಗುರುರಾಜ ಪೂಜಾರಿ ನೆನಪಾದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, 56 ಕಿಲೋ ವಿಭಾಗದಲ್ಲಿ, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದವರು. ಅದರಲ್ಲಿ ಕ್ಲೀನ್ ಅಂಡ್ ಜರ್ಕ್ ಒಂದರಲ್ಲೇ 138! ಅಷ್ಟು ಭಾರ ತಲೆಯ ಮೇಲೆ ನಿಲ್ಲಬೇಕಾದರೆ ಬರೀ ತೋಳು ಸಾಕೇ? ಪಾದ, ಸೊಂಟ, ಬೆನ್ನು, ಭುಜ ಎಲ್ಲವೂ ಒಟ್ಟಿಗೆ ಹೊಣೆ ಹೊರಬೇಕು. ಮೆಷಿನ್ನಿನಲ್ಲಿ ಆ ಹೊಣೆಯ ಅರ್ಧ ಪಾಲು ಹಳಿಯದು. ಸ್ಮಿತ್ ಮೆಷಿನ್ನನ್ನೇ ನೋಡಿ, ಸರಳು ಕಂಬಕ್ಕೆ ಅಂಟಿಕೊಂಡೇ ಏರುತ್ತೆ, ಇಳಿಯುತ್ತೆ. ವಾಲೋದೇ ಇಲ್ಲ.

ವಿಜಯಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಕಲ್ಲು ಎತ್ತೋದು ನೋಡಿದ್ದೀರಲ್ವಾ? ಸಂಗ್ರಾಣಿ ಕಲ್ಲಿಗಾದರೂ ಹಿಡಿ ಇರುತ್ತೆ. ಗುಂಡುಕಲ್ಲಿಗೆ ಅದೂ ಇಲ್ಲ, ನುಣ್ಣಗೆ ಜಾರುತ್ತೆ. ಪೈಲ್ವಾನ ಅದನ್ನು ತೊಡೆಗೆ ಆನಿಸಿ, ಎದೆಗೆ ಅಪ್ಪಿ, ಹೊರಳಿಸಿ ಹೆಗಲಿಗೆ ತರುವಷ್ಟರಲ್ಲಿ ಮೈಯ ಒಂದೊಂದು ನರವೂ ಎಚ್ಚರ! ಅಂಥವರು ಮುಪ್ಪಿನಲ್ಲೂ ಗುಂಡುಕಲ್ಲಿನ ಹಾಗೇ ಇರೋದನ್ನು ಕಂಡಿದ್ದೇನೆ. ‘ಶಾಂತಲಾ’, ‘ರೂಪದರ್ಶಿ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದವರು ತಾನೇ? ಬಾರ್‌ಬೆಲ್ಲಿನ ಜೊತೆಗೆ ಸೂರ್ಯನಮಸ್ಕಾರವನ್ನೂ ಮಾಡಿಸುತ್ತಿದ್ದರು. ಕಾದಂಬರಿ ಬರೆಯುವ ಕೈಯೇ ಕಬ್ಬಿಣವನ್ನೂ ಎತ್ತುತ್ತಿತ್ತು ಅಂದರೆ ಎಷ್ಟು ಚೆನ್ನ, ಅಲ್ವಾ?

ಎಲ್ಲಿದ್ದೆ... ಹಾಂ, ಮೆಷಿನ್ನು. ತೋಳು ತೊಡೆ ದಪ್ಪವಾದರೆ ಸಾಕು ಅನ್ನೋರಿಗೆ ಮೆಷಿನ್ನು, ಬಾರ್‌ಬೆಲ್ಲು ಎರಡೂ ಹೆಚ್ಚುಕಡಿಮೆ ಒಂದೇ. ಮಂಡಿ ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವವರಿಗೆ, ಬಿದ್ದೇನು ಅನ್ನೋ ಅಂಜಿಕೆ ಇರುವ ವಯಸ್ಸಾದವರಿಗೆ ಮೆಷಿನ್ನೇ ವಾಸಿ. ಡಾಕ್ಟರನ್ನು ಕೇಳಿ ಲೆಗ್ ಪ್ರೆಸ್ಸಿನಿಂದ ಶುರು ಮಾಡಲಿ. ಆದರೆ ಮನೆಗೆ ಬರುವ ಗ್ಯಾಸ್ ಸಿಲಿಂಡರು? ಒಳಗಿನ 14.2 ಕಿಲೋ ಗ್ಯಾಸು, ಮೇಲೆ ಕಬ್ಬಿಣದ ತೂಕ, ಎರಡೂ ಸೇರಿ ಸುಮಾರು 30 ಆಗುತ್ತೆ. ಅದಕ್ಕೇನು ಹಳಿ ಇರುತ್ತಾ? ಮೈ ಯಾವುದನ್ನು ರೂಢಿ ಮಾಡುತ್ತೋ ಅದರಲ್ಲೇ ಗಟ್ಟಿಯಾಗೋದು. ಅದಕ್ಕೇ ನನ್ನ ಮತ ಡಂಬೆಲ್ಲು, ಬಾರ್‌ಬೆಲ್ಲಿಗೆ.

ಒಂದು ಮಾತು ಮಾತ್ರ ನಿಮ್ಮ ಮಗನಿಗೆ ಹೇಳಿಬಿಡಿ. ಬೆಂಚ್ ಪ್ರೆಸ್ ಮಾಡುವಾಗ ತಲೆಯ ಹತ್ತಿರ ಯಾರಾದರೂ ನಿಂತಿರಲೇಬೇಕು. ಯಾರೂ ಸಿಗದ ದಿನ ಮೆಷಿನ್ನಿನಲ್ಲೇ ಮಾಡಲಿ.