ಸಾಂಟಾನ ತಟ್ಟೆಯಲ್ಲಿ ಹಯಗ್ರೀವ

ನ್ಯೂಜೆರ್ಸಿಯ ಎಡಿಸನ್ ಪಟ್ಟಣಕ್ಕೆ ಆ ಹೆಸರು ಬಂದದ್ದು 1954ರಲ್ಲಿ. ಅದಕ್ಕೂ ಮೊದಲು ಅದು ರಾರಿಟನ್ ಟೌನ್‌ಶಿಪ್. ಅಲ್ಲಿನ ಮೆನ್ಲೊ ಪಾರ್ಕ್ ಪ್ರಯೋಗಾಲಯದ ಹೊರಗೆ ಥಾಮಸ್ ಎಡಿಸನ್ 1880ರ ಕ್ರಿಸ್‌ಮಸ್ ಹೊತ್ತಿಗೆ ವಿದ್ಯುದ್ದೀಪಗಳ ಸರ ತೂಗುಹಾಕಿದ. ಎರಡು ವರ್ಷದ ನಂತರ ಅವನ ಜೊತೆಗಾರ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬು ಸುತ್ತಿದ. ಹೀಗೆ ಸೀರಿಯಲ್ ಸೆಟ್ಟಿನ ತವರೂರು ಎನ್ನಬಹುದಾದ ಈ ಊರಿನಲ್ಲಿ ಈಗ ಎಲ್ಲರಿಗಿಂತ ಮೊದಲು ಮಿನುಗಲು ಶುರುವಾಗುವುದು ನಮ್ಮವರ ಮನೆಗಳು.

ದೀಪಾವಳಿಗೆ ಏರಿದ ಸೀರಿಯಲ್ ಸೆಟ್ಟು ಕೆಳಗಿಳಿಯುವುದು ಸಂಕ್ರಾಂತಿಗೆ. ನವೆಂಬರಿನಲ್ಲಿ ಒಮ್ಮೆ ಏಣಿ ಹತ್ತಿಳಿದ ಗಂಡಸು ಡಿಸೆಂಬರಿನ ಚಳಿಯಲ್ಲಿ ಇನ್ನೊಮ್ಮೆ ಹತ್ತುವುದಿಲ್ಲ. ಎದುರು ಮನೆಯ ಮುದುಕ ಬಂದು, ಕ್ರಿಸ್‌ಮಸ್ ಎಂದರೆ ನಿಮಗೆ ಎಷ್ಟೊಂದು ಪ್ರೀತಿ ಎಂದು ಮೆಚ್ಚುತ್ತಾನೆ. ಮನೆಯೊಡತಿ ನಕ್ಕು ಸುಮ್ಮನಾಗುತ್ತಾಳೆ. ಸೋಮಾರಿತನಕ್ಕೆ ಸರ್ವಧರ್ಮ ಸಮನ್ವಯದ ಮರ್ಯಾದೆ ಇಷ್ಟು ಅಗ್ಗವಾಗಿ ಇನ್ನೆಲ್ಲೂ ಸಿಗಲಾರದು.

ಇಂಥದೊಂದು ಮನೆಗೆ 2020ರ ಫೆಬ್ರವರಿಯಲ್ಲಿ ಶಿವಮೊಗ್ಗದಿಂದ ಅಜ್ಜಿ ಬಂದರು. ಆರು ತಿಂಗಳಿದ್ದು, ಮೊಮ್ಮಗನಿಗೆ ನಾಲ್ಕು ಶ್ಲೋಕ ಕಲಿಸಿ, ಗಣಪತಿ ಹಬ್ಬದ ಹೊತ್ತಿಗೆ ಊರು ಸೇರುವುದೆಂದು ಲೆಕ್ಕ. ಮಾರ್ಚಿನಲ್ಲಿ ವಿಮಾನಗಳು ನಿಂತವು. ಗಣಪತಿ ಹಿತ್ತಲಿನ ಬಕೆಟ್ಟಿನಲ್ಲಿ ಮುಳುಗಿದ, ನವರಾತ್ರಿ ಜೂಮ್‌ನಲ್ಲಿ ಕಳೆಯಿತು. ವೀಸಾ ಮುಂದುವರಿಸುವ ಅರ್ಜಿ ಯಾವುದೋ ಕಚೇರಿಯಲ್ಲಿ ಮಲಗಿತ್ತು. ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಅದೇ ಊರಿನಲ್ಲಿದ್ದರೂ, ಸೋಂಕಿನ ಭಯಕ್ಕೆ ಮಗ ಅಮ್ಮನನ್ನು ಗ್ಯಾರೇಜು ದಾಟಲು ಬಿಡಲಿಲ್ಲ. ಅಂತೂ ಅಜ್ಜಿ ಜೀವನದಲ್ಲಿ ಮೊದಲ ಬಾರಿಗೆ ಡಿಸೆಂಬರ್ ತಿಂಗಳನ್ನು ಅಮೆರಿಕದಲ್ಲಿ ಕಂಡರು. ಡಿಸೆಂಬರೂ ಅಜ್ಜಿಯನ್ನು ಕಂಡಿತು.

ಮೊದಲ ಪ್ರಶ್ನೆ ಮರದ್ದು. ಆರು ವರ್ಷದ ಮೊಮ್ಮಗ ಹಿಂದಿನ ವರ್ಷದಂತೆ ಈ ವರ್ಷವೂ ಮರ ನಿಲ್ಲಿಸಬೇಕೆಂದ. ಗ್ಯಾರೇಜಿನ ಡಬ್ಬದಲ್ಲಿದ್ದ ಪ್ಲಾಸ್ಟಿಕ್ ಮರದ ವಿಷಯವನ್ನು ಮಗ ಫೋನಿನಲ್ಲಿ ಎಂದೂ ಅಮ್ಮನಿಗೆ ಹೇಳಿರಲಿಲ್ಲ. ಈಗ ಅವನು ಚರಿತ್ರೆಯ ಮೊರೆಹೋದ. ಮರಕ್ಕೂ ಮತಕ್ಕೂ ಸಂಬಂಧ ಕಡಿಮೆ, ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು, 1850ರಲ್ಲಿ ಅಮೆರಿಕದ ಹೆಂಗಸರ ಪತ್ರಿಕೆಯೊಂದು ರಾಣಿಯ ಕಿರೀಟ ಅಳಿಸಿ ಅದೇ ಚಿತ್ರ ಅಚ್ಚುಹಾಕಿತು, ಆಮೇಲೆ ಎಲ್ಲರ ಮನೆಗೂ ಮರ ಬಂತು ಎಂದ. ಸೊಸೆ ದನಿಗೂಡಿಸಿದಳು. ಇದೇ ದೇಶದ ಮ್ಯಾಸಚೂಸೆಟ್ಸ್‌ನಲ್ಲಿ 1659ರಲ್ಲಿ ಕ್ರೈಸ್ತರೇ ಕಾನೂನು ಮಾಡಿ, ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕುತ್ತಿದ್ದರು ಅತ್ತೆ, ಎಂದಳು.

"ಅವರೇ ಬೇಡ ಅಂದಿದ್ದನ್ನ ನೀವು ಯಾಕೆ ಕಾಸು ಕೊಟ್ಟು ತಂದ್ರಿ?" ಎಂದರು ಅಜ್ಜಿ.

ಸೊಸೆ ಇನ್ನೊಂದು ದಾರಿ ಹುಡುಕಿದಳು. ಹವಾಯಿಯ ಕವಾಯಿ ದ್ವೀಪದಲ್ಲಿ ಆಶ್ರಮ ಕಟ್ಟಿದ ಅಮೆರಿಕನ್ ಗುರು ಶಿವಾಯ ಸುಬ್ರಮುನಿಯಸ್ವಾಮಿ ಇಂಥ ಮನೆಗಳಿಗೆಂದೇ 1985ರಲ್ಲಿ 'ಪಂಚ ಗಣಪತಿ' ಎಂಬ ಹಬ್ಬ ಹುಟ್ಟುಹಾಕಿದ್ದಾರೆ. ಡಿಸೆಂಬರ್ 21ರಿಂದ 25ರವರೆಗೆ ಐದು ದಿನ, ದಿನಕ್ಕೊಂದು ಬಣ್ಣ, ಮಕ್ಕಳಿಗೆ ದಿನವೂ ಉಡುಗೊರೆ. ಮಗನ ಮುಖ ಅರಳಿತು. ಅಜ್ಜಿ ಪಂಚಾಂಗದಿಂದ ತಲೆ ಎತ್ತಲಿಲ್ಲ.

"ಭಾದ್ರಪದದಲ್ಲಿ ನೀರಿಗೆ ಬಿಟ್ಟು ಕಳಿಸಿದವನನ್ನ ಈ ಚಳೀಲಿ ಮತ್ತೆ ಕರೆಸ್ತೀರಾ? ಅದೂ ಐದು ಜನರನ್ನ?"

ಕೊನೆಗೆ ರಾಜಿಯಾಯಿತು. ಮರ ನಿಂತಿತು, ಆದರೆ ಕಿಟಕಿಯ ಜಾಗ ತುಳಸಿಯದ್ದು. ಹಿಮದ ದೇಶದಲ್ಲಿ ತುಳಸಿ ಉಳಿಯುವುದು ಮನೆಯೊಳಗೆ ಮಾತ್ರ, ಅದಕ್ಕೆಂದೇ ಕೊಂಡ ದೀಪದ ಕೆಳಗೆ. ಜೀವವಿದ್ದ ಗಿಡ ಒಂದೊಂದೇ ಎಲೆ ಉದುರಿಸುತ್ತ, ಪ್ಲಾಸ್ಟಿಕ್ ಗಿಡ ನಳನಳಿಸುತ್ತ ಅಕ್ಕಪಕ್ಕ ನಿಂತವು.

ಡಿಸೆಂಬರ್ 16ಕ್ಕೆ ಧನುರ್ಮಾಸ ಹಿಡಿಯಿತು. ಅದೇ ದಿನ ಅಮೆರಿಕದ ಈಶಾನ್ಯ ರಾಜ್ಯಗಳಿಗೆ ದೊಡ್ಡ ಹಿಮಬಿರುಗಾಳಿ ಬಂತು. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲು ದೇವರಿಗೆ ಹುಗ್ಗಿಯ ನೈವೇದ್ಯ ಆಗಬೇಕು. ಊರಿನಲ್ಲಿ ಆರೂವರೆ ದಾಟುತ್ತಲೇ ಬೆಳಗಾಗುವುದರಿಂದ ನಾಲ್ಕಕ್ಕೆ ಏಳಬೇಕು. ಎಡಿಸನ್ನಿನಲ್ಲಿ ಏಳೂಕಾಲರವರೆಗೆ ಸೂರ್ಯನ ಸುಳಿವಿಲ್ಲ. "ಇಲ್ಲಿ ಧನುರ್ಮಾಸ ಮಾಡೋದು ಎಷ್ಟು ಸುಲಭ! ಇಷ್ಟು ಹೊತ್ತು ಮಲಗಿದ್ರೂ ಪುಣ್ಯ" ಎಂದು ಅಜ್ಜಿ ಅಮೆರಿಕವನ್ನು ಮೊದಲ ಬಾರಿ ಹೊಗಳಿದರು. ಹುರಿದ ಹೆಸರುಬೇಳೆ, ತುಪ್ಪದಲ್ಲಿ ಸಿಡಿದ ಮೆಣಸು, ಜೀರಿಗೆ, ಇಂಗು. ಒಗ್ಗರಣೆಯ ಹೊಗೆ ಚಾವಣಿ ಮುಟ್ಟುತ್ತಲೇ ಸ್ಮೋಕ್ ಅಲಾರಂ ಬಡಿದುಕೊಂಡಿತು. ಮನೆಮಂದಿಯೆಲ್ಲ ದಡಬಡಿಸಿ ಎದ್ದು ಬಂದರು. ಮರುದಿನದಿಂದ ಯಾರನ್ನೂ ಎಬ್ಬಿಸುವ ಗೋಜಿಲ್ಲ. ಒಗ್ಗರಣೆಯೇ ಸುಪ್ರಭಾತ.

ಆ ತಿಂಗಳು ಆಕಾಶವೂ ಅಜ್ಜಿಯ ಪಕ್ಷ ವಹಿಸಿತು. 21ರ ಸಂಜೆ ಗುರುವೂ ಶನಿಯೂ 1623ರ ನಂತರ ಮೊದಲ ಬಾರಿಗೆ ಅಷ್ಟು ಹತ್ತಿರ ಬಂದಿದ್ದವು. ಟಿವಿಯವರು ಅದನ್ನು ಕ್ರಿಸ್‌ಮಸ್ ನಕ್ಷತ್ರವೆಂದು ಕರೆದು ಸಂಭ್ರಮಿಸಿದರು. ಅಜ್ಜಿ ಪಂಚಾಂಗ ಬಿಡಿಸಿ ತೋರಿಸಿದರು: ಇಬ್ಬರೂ ಮಕರದಲ್ಲಿ, ಅದರಲ್ಲೂ ಗುರು ನೀಚ. "ಇದಕ್ಕೆ ಖುಷಿ ಪಡ್ತಾರಲ್ಲ, ಶಾಂತಿ ಮಾಡಿಸೋದು ಬಿಟ್ಟು."

23ರಂದು ಹೊಸ್ತಿಲ ಹೊರಗೆ ಒಂದು ಡಬ್ಬ ಇತ್ತು. ಅದೇ ಬೀದಿಯ ಮಂಗಳೂರು ಕಥೋಲಿಕ ಕುಟುಂಬದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ. ಅಂಗಳದಾಚೆ ಮಾಸ್ಕ್ ಹಾಕಿ ನಿಂತ ಆ ಮನೆಯಾಕೆ ಕೂಗಿ ಹೇಳಿದರು: "ಅಮ್ಮಾ, ಮೊಟ್ಟೆ ಹಾಕಿದ್ದು ಬೇರೆ ಕಟ್ಟಿದ್ದೇನೆ, ನೀವು ಹೆದರಬೇಡಿ." ಅಜ್ಜಿ ಮುಚ್ಚಳ ತೆಗೆದರೆ ಚಕ್ಕುಲಿ, ಒಳಗೆ ಎಳ್ಳು-ಕೊಬ್ಬರಿ ತುಂಬಿದ ನೆವ್ರಿ. ಅಂದರೆ ಸಾಕ್ಷಾತ್ ಕರ್ಜಿಕಾಯಿ. ಮಾತು ಬೆಳೆಯಿತು. ಸಾಂಟಾನ ವಿಷಯ ಬಂದಾಗ ಆಕೆ ಕೈಯಾಡಿಸಿಬಿಟ್ಟರು. "ಅದೆಲ್ಲ ಅಂಗಡಿಯವರದ್ದು. ನಮಗೆ ಗೋದಲಿ ಮುಖ್ಯ. ಬಾಲಯೇಸುವನ್ನು ನಾಳೆ ರಾತ್ರಿ ಇಡುವುದು, ಅಲ್ಲಿವರೆಗೆ ಜಾಗ ಖಾಲಿ ಉಂಟು."

ನಡುರಾತ್ರಿ ಹುಟ್ಟಿದ ಮಗು, ಸುತ್ತ ದನಕರು, ಕೊಲ್ಲಲು ಹುಡುಕುವ ರಾಜ. ಅಜ್ಜಿಗೆ ಇದರಲ್ಲಿ ಹೊಸದಾಗಿ ತಿಳಿಯುವುದೇನೂ ಇರಲಿಲ್ಲ. ಗೋಕುಲಾಷ್ಟಮಿಯ ತೊಟ್ಟಿಲಿನ ಬಗ್ಗೆ ಅವರೂ ಅಂಗಳದಾಚೆಗೆ ಕೂಗಿದರು. ಯಾರ ಮತ ಎಲ್ಲಿ ಜಾರಿಹೋಗುತ್ತದೋ ಎಂದು ಮಗ-ಸೊಸೆ ತಿಂಗಳಿಡೀ ಹೆದರಿದ್ದು ಇವರಿಬ್ಬರಿಗೆ ಗೊತ್ತೇ ಇರಲಿಲ್ಲ.

ಅಜ್ಜಿಗೆ ನಿಜವಾದ ತಕರಾರು ಇದ್ದದ್ದು ಸಾಂಟಾನ ಮೇಲೆ. ಮೂಲದಲ್ಲಿ ಅವನು ಈಗಿನ ತುರ್ಕಿಯಲ್ಲಿದ್ದ ಮೈರಾ ಪಟ್ಟಣದ ಬಿಷಪ್ ನಿಕೋಲಸ್ ಎಂದು ಮಗ ಹೇಳಿದಾಗ, "ಓ, ಸ್ವಾಮಿಗಳು" ಎಂದು ಅಜ್ಜಿ ಸ್ವಲ್ಪ ಮೆತ್ತಗಾಗಿದ್ದರು. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಹುಟ್ಟಿದ್ದು 1939ರಲ್ಲಿ, ಮಾಂಟ್ಗಮರಿ ವಾರ್ಡ್ ಅಂಗಡಿ ಮಕ್ಕಳಿಗೆ ಹಂಚಿದ ಪುಸ್ತಕದಲ್ಲಿ ಎಂದು ತಿಳಿದಾಗ ಮತ್ತೆ ಬಿಗಿಯಾದರು. ಡಿಸೆಂಬರ್ 19ರಂದು ದೇಶದ ದೊಡ್ಡ ರೋಗತಜ್ಞ ಆಂಥನಿ ಫೌಚಿ ಟಿವಿಯಲ್ಲಿ ಮಕ್ಕಳಿಗೆ, ತಾನೇ ಉತ್ತರ ಧ್ರುವಕ್ಕೆ ಹೋಗಿ ಸಾಂಟಾನಿಗೆ ಕೋವಿಡ್ ಲಸಿಕೆ ಹಾಕಿ ಬಂದೆ ಎಂದು ಭರವಸೆ ಕೊಟ್ಟರು. ಅಮೆರಿಕದಲ್ಲಿ ಲಸಿಕೆ ಶುರುವಾಗಿ ಇನ್ನೂ ವಾರವಾಗಿರಲಿಲ್ಲ.

"ಎಪ್ಪತ್ತು ದಾಟಿದ ನನಗಿಲ್ಲ, ಅವನಿಗೆ ಮನೆಬಾಗಿಲಿಗೇ ಹೋಗಿ ಹಾಕಿದ್ರಾ?"

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟವನು ಮೊಮ್ಮಗ. ಸಾಂಟಾನಿಗೆ ರಾತ್ರಿ ಹಾಲು, ಕುಕೀ ಇಟ್ಟರೆ ಬೆಳಿಗ್ಗೆ ಅರ್ಧ ಖಾಲಿಯಾಗಿರುತ್ತದೆ. ಅಜ್ಜಿ ದಿನಾ ಇಡುವ ಹುಗ್ಗಿಯಲ್ಲಿ ಒಂದು ಅಗುಳೂ ಕಡಿಮೆಯಾಗುವುದಿಲ್ಲ. "ಅಜ್ಜಿ, ಸಾಂಟಾ ರಿಯಲ್. ಅವನು ತಿಂತಾನೆ. ನಿನ್ ಕೃಷ್ಣ ಬರೇ ನೋಡ್ತಾನೆ."

ಅಜ್ಜಿ ಸುಮ್ಮನಿರುವವರೇ? ಸೋದೆಯ ವಾದಿರಾಜರ ಕಥೆ ಹೊರಗೆ ಬಂತು. ಕಡಲೆಬೇಳೆ, ಬೆಲ್ಲ, ಕೊಬ್ಬರಿ, ತುಪ್ಪದ ಹಯಗ್ರೀವವನ್ನು ಗುರುಗಳು ಹರಿವಾಣದಲ್ಲಿ ತಲೆಯ ಮೇಲಿಟ್ಟುಕೊಂಡು ಕೂತರೆ, ದೇವರು ಬಿಳಿ ಕುದುರೆಯಾಗಿ ಹಿಂದಿನಿಂದ ಬಂದು, ಮುಂಗಾಲು ಅವರ ಹೆಗಲ ಮೇಲೂರಿ ತಿನ್ನುತ್ತಿದ್ದ. ಸ್ವಲ್ಪ ಪ್ರಸಾದವನ್ನೂ ಉಳಿಸುತ್ತಿದ್ದ. ಹುಡುಗ ಬಾಯಿ ಬಿಟ್ಟು ಕೇಳಿದ. ಇಷ್ಟು ದಿನ ಕಲಿಸಿದ ನಾಲ್ಕು ಶ್ಲೋಕ ಮಾಡದ ಕೆಲಸವನ್ನು ಕುದುರೆ ಮಾಡಿತು. 24ರ ರಾತ್ರಿ ಮರದ ಕೆಳಗಿನ ತಟ್ಟೆಯಲ್ಲಿ ಸಾಂಟಾನ ಕುಕೀ, ಹಿಮಸಾರಂಗದ ಕ್ಯಾರೆಟ್ಟಿನ ಪಕ್ಕ ಒಂದು ಬಟ್ಟಲು ಹಯಗ್ರೀವ ಬಂದು ಕೂತಿತು. ಅದರ ಮೇಲೆ ಅಜ್ಜಿಯ ತುಳಸಿದಳ.

ಇಲ್ಲಿ ಪಂಚಾಂಗ ಕೈಕೊಟ್ಟಿತು. 2020ರಲ್ಲಿ ವೈಕುಂಠ ಏಕಾದಶಿ ಬಿದ್ದದ್ದು ಸರಿಯಾಗಿ ಡಿಸೆಂಬರ್ 25ಕ್ಕೆ. ಅಂದಮೇಲೆ 24 ದಶಮಿ, ಒಪ್ಪತ್ತು. ರಾತ್ರಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಅಮ್ಮ ಮನೆಯಲ್ಲಿರುವಾಗ ಮಗ-ಸೊಸೆಗೂ ವಿನಾಯಿತಿಯಿಲ್ಲ. ಹಾಗಾದರೆ ಸಾಂಟಾನ ಕುಕೀ ತಿನ್ನುವವರು ಯಾರು? ನಡುರಾತ್ರಿ ಗಂಡ-ಹೆಂಡತಿ ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಬೇಕಾದರೆ ಮುರಿದು ಕಸಕ್ಕೆ ಹಾಕಬಹುದು, ಆದರೆ ತುಳಸಿ ಬಿದ್ದ ಹಯಗ್ರೀವ? ಅದನ್ನು ಎಸೆದರೆ ಪಾಪ, ತಿಂದರೆ ದಶಮಿ ಕೆಟ್ಟಿತು, ಬಿಟ್ಟರೆ ದೇವರು ಸೋತ. ಗಂಡ ಬಾಗಿಲ ಕಡೆ ನೋಡಿ ಬೇಗ ಬೇಗ ಎಲ್ಲವನ್ನೂ ಮುಗಿಸಿದ. ಕ್ಯಾರೆಟ್ಟನ್ನು ಕೂಡ.

ಬೆಳಿಗ್ಗೆ ಹುಡುಗ ತಟ್ಟೆ ಪರೀಕ್ಷಿಸಿದ. ಎರಡೂ ಕಡೆಯವರು ಬಂದುಹೋಗಿದ್ದರು. ಅಜ್ಜಿ ಖಾಲಿ ಬಟ್ಟಲು ನೋಡಿದರು, ಮಗನ ಅಂಗಿಯ ಮೇಲಿದ್ದ ಕೊಬ್ಬರಿಯ ಎಳೆ ನೋಡಿದರು, ಏನೂ ಅನ್ನಲಿಲ್ಲ. ಇಡೀ ದಿನ ಉಡುಗೊರೆಯ ಕಾಗದ ಹರಿಯುವ ಸದ್ದು ಒಂದು ಕಡೆ, ಯೂಟ್ಯೂಬಿನಲ್ಲಿ ವೈಕುಂಠ ದ್ವಾರದ ದರ್ಶನ ಇನ್ನೊಂದು ಕಡೆ.

26ರ ಬೆಳಿಗ್ಗೆ ದ್ವಾದಶಿ. ಪಾರಣೆಯ ಅಡುಗೆ ಬೇಗನೆ ಆಗಿತ್ತು. ದಶಮಿ ಮಧ್ಯಾಹ್ನದ ನಂತರ ಹನಿ ನೀರೂ ಕುಡಿಯದ ಅಜ್ಜಿ ದೇವರ ಮುಂದೆ ಎಲೆ ಇಟ್ಟು ಮಣೆಯ ಮೇಲೆ ಕೂತರು. ಅಷ್ಟರಲ್ಲಿ ಸಾಂಟಾ ತಂದುಕೊಟ್ಟ ಹೊಸ ಟಾರ್ಚು ಹಿಡಿದು ಮೊಮ್ಮಗ ಬಂದು ದೇವರ ಗೂಡಿನ ಮುಂದೆ ಚಕ್ಕಳಮಕ್ಕಳ ಹಾಕಿದ. ಮೊನ್ನೆ ತಿಂದ ಕೃಷ್ಣ ಇವತ್ತು ಹೇಗೆ ತಿನ್ನುತ್ತಾನೆಂದು ನೋಡಿಯೇ ಏಳುವುದೆಂದು ಅವನ ಹಟ. ಸಾರಿನ ಹಬೆ ಆರಿತು. ಪಲ್ಯ ತಣ್ಣಗಾಯಿತು. ದ್ವಾದಶಿಯ ಹೊತ್ತು ಸರಿಯುತ್ತಿತ್ತು.

"ಪುಟ್ಟಾ, ನೀನು ಹಾಗೆ ನೋಡ್ತಾ ಕೂತ್ರೆ ಅವನು ತಿನ್ನಲ್ಲ ಕಣೋ" ಎಂದರು ಅಜ್ಜಿ, ಹಸಿವಿನ ದನಿಯಲ್ಲಿ. "ನೈವೇದ್ಯದ ಹೊತ್ತಲ್ಲಿ ದೇವಸ್ಥಾನದಲ್ಲೂ ಪರದೆ ಎಳೀತಾರೆ."

ಹುಡುಗ ಟಾರ್ಚು ಆರಿಸಿ ಯೋಚಿಸಿದ. ಸಾಂಟಾನದೂ ಇದೇ ಕಾನೂನು, ಯಾರಾದರೂ ಎದ್ದಿದ್ದರೆ ಬರುವುದಿಲ್ಲ ಎಂದು ಅಪ್ಪ ಹೇಳಿದ್ದು ಅವನಿಗೆ ನೆನಪಿತ್ತು.

"ಹಾಗಾದ್ರೆ ಎಲ್ಲರೂ ಮೇಲೆ ಹೋಗಿ ಮಲಕ್ಕೊಳ್ಳಿ" ಎಂದ. "ಅಜ್ಜಿ, ನೀನೂನು. ನಾಳೆ ಬೆಳಿಗ್ಗೆ ಬಂದು ನೋಡೋಣ."