ಆರ್ಡುಯಿನೊ ಆರಂಭಶೂರ

ಮೈಕ್ರೊಕಂಟ್ರೋಲರ್ ಪ್ರೋಗ್ರಾಮಿಂಗ್‌ಗೆ ಕೈಹಾಕುವವರಲ್ಲಿ ಎರಡು ಬಗೆ: ಕಲಿಯುವವರು, ಕಲಿಯಲು ಶುರು ಮಾಡುವವರು. ಎರಡನೆಯವನೇ ಆರಂಭಶೂರ. ಬೆಂಗಳೂರಿನಲ್ಲಿ ಈತ ಸಾಮಾನ್ಯವಾಗಿ ಸಾಫ್ಟ್‌ವೇರ್ ಕಂಪನಿಯ ನೌಕರ. ಆಯುಧಪೂಜೆಯ ದಿನ ಕುಂಕುಮ ಹಚ್ಚಲು ತನ್ನ ಬಳಿ ಲ್ಯಾಪ್‌ಟಾಪ್ ಬಿಟ್ಟರೆ ಬೇರೇನೂ ಇಲ್ಲವೆಂಬುದು ಅವನಿಗೆ ಹೊಳೆಯುತ್ತದೆ. ರೋಗ ಶುರುವಾಗುವುದು ಅಲ್ಲಿಂದ.

ಮೊದಲ ಹಂತ ಖರೀದಿ. ಶನಿವಾರ ಬೆಳಿಗ್ಗೆ ಆತ ಆರ್ಡುಯಿನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡ್ ಕೊಳ್ಳಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗುತ್ತಾನೆ. "ಒರಿಜಿನಲ್ಲಾ, ಕಾಪಿನಾ?" ಎಂದು ಅಂಗಡಿಯವನು ಕೇಳುತ್ತಾನೆ. ಒರಿಜಿನಲ್‌ನ ಬೆಲೆ ಕೇಳಿ, ಕಾಪಿ ತೆಗೆದುಕೊಂಡು, ಉಳಿದ ಹಣಕ್ಕೆ ಬ್ರೆಡ್‌ಬೋರ್ಡ್, ಜಂಪರ್ ವೈರು ಮತ್ತು 37 ಸೆನ್ಸರ್‌ಗಳ ಡಬ್ಬಿ ಕೊಳ್ಳುತ್ತಾನೆ. ಒಂದು ಎಲ್‌ಇಡಿ ಹೊತ್ತಿಸಲು 37 ಸೆನ್ಸರ್ ಏಕೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳುವವರಿಗೆ ಸೆನ್ಸರ್ ಎಂದರೇನೆಂದು ವಿವರಿಸಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆಂಬ ಭಯ.

ಎರಡನೆಯ ಹಂತ ಉಪನ್ಯಾಸ. ಬೋರ್ಡ್ ಇನ್ನೂ ಕವರಿನಲ್ಲಿರುವಾಗಲೇ ಅದರ ಚರಿತ್ರೆ ಅವನಿಗೆ ಬಾಯಿಪಾಠ. ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ 2005ರಲ್ಲಿ ಆರ್ಡುಯಿನೊ ಹುಟ್ಟಿತು. ಹೆಸರು ಬಂದದ್ದು ಅಲ್ಲಿನ ಒಂದು ಬಾರಿನಿಂದ. ಬಾರಿಗೆ ಹೆಸರು ಬಂದದ್ದು 1002ರಲ್ಲಿ ಇಟಲಿಯ ಪಟ್ಟವೇರಿದ ಅರಸನಿಂದ. ತಾನು ಕೊಂಡ ಊನೊ ಮಾದರಿಯ ಬೋರ್ಡಿನ ಚಿಪ್ಪಿನಲ್ಲಿ ಪ್ರೋಗ್ರಾಂ ಇಡಲು 32 ಕಿಲೋಬೈಟ್ ಜಾಗ, ಕೆಲಸ ಮಾಡುವ ಮೆಮೊರಿ ಬರೀ 2 ಕಿಲೋಬೈಟ್ ಎಂದು ಆತ ಬೆರಗಿನಿಂದ ಹೇಳುವಾಗ, ಕಾಲೇಜಿನಲ್ಲಿ 8051 ಎಂಬ ಹಳೆಯ ಮೈಕ್ರೊಕಂಟ್ರೋಲರ್ ಓದಿದ ಚಿಕ್ಕಪ್ಪನೊಬ್ಬರು, "ನಮಗೆ 128 ಬೈಟ್ ಇತ್ತಪ್ಪ, ಅಸೆಂಬ್ಲಿಯಲ್ಲಿ ಬರೀತಿದ್ವಿ" ಎಂದು ಕಾಫಿ ಹೀರುತ್ತಾರೆ. ಉಪನ್ಯಾಸ ಅಲ್ಲಿಗೆ ನಿಲ್ಲುತ್ತದೆ.

ಮೂರನೆಯದು ಜೋಡಣೆ. ಕಂಪ್ಯೂಟರಿಗೆ ಬೋರ್ಡ್ ಕಾಣುವುದಿಲ್ಲ. ಕಾಪಿ ಬೋರ್ಡುಗಳಲ್ಲಿ ಹೆಚ್ಚಾಗಿ ಇರುವ ಸಿಎಚ್340 ಚಿಪ್ಪಿಗೆ ಡ್ರೈವರ್ ಬೇಕೆಂದು ತಿಳಿಯಲು ಒಂದು ರಾತ್ರಿ; ಡ್ರೈವರ್ ಹಾಕಿದ ಮೇಲೆ, ಕೇಬಲ್ಲು ಬರೀ ಚಾರ್ಜಿಂಗಿನದು, ಅದರಲ್ಲಿ ಡೇಟಾ ತಂತಿಗಳೇ ಇಲ್ಲವೆಂದು ತಿಳಿಯಲು ಇನ್ನೊಂದು ರಾತ್ರಿ. ಈ ನಡುವೆ 13ನೇ ಪಿನ್ನಿನ ಎಲ್‌ಇಡಿ ತಾನಾಗಿಯೇ ಮಿನುಗುತ್ತಿರುತ್ತದೆ, ಏಕೆಂದರೆ ಅನೇಕ ಬೋರ್ಡುಗಳು ಬ್ಲಿಂಕ್ ಪ್ರೋಗ್ರಾಂ ಹೊತ್ತುಕೊಂಡೇ ಅಂಗಡಿಗೆ ಬರುತ್ತವೆ. ಕೊನೆಗೆ ಪ್ರೋಗ್ರಾಮಿನ 1000 ಮಿಲಿಸೆಕೆಂಡನ್ನು 200 ಮಾಡಿ, ಮಿನುಗು ಚುರುಕಾದಾಗ, ಆತ ವಿಡಿಯೊ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾನೆ. "ದೀಪಾವಳಿಗೆ ಸೀರಿಯಲ್ ಸೆಟ್ಟಾ ಪುಟ್ಟಾ?" ಎಂದು ಅತ್ತೆಯೊಬ್ಬರು ಕೇಳುತ್ತಾರೆ.

ನಾಲ್ಕನೆಯದು ಸುಪ್ತಾವಸ್ಥೆ. ಡಬ್ಬಿ ಅಟ್ಟ ಸೇರುತ್ತದೆ. ಮುಂದಿನ ವರ್ಷ ಇಳಿದಾಗ ಕಲಿಕೆ ಮತ್ತೆ ಬ್ಲಿಂಕಿನಿಂದಲೇ ಶುರು, ಏಕೆಂದರೆ ಹಿಂದಿನ ವರ್ಷದ ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿದೆ ಎಂಬುದು ಮರೆತಿರುತ್ತದೆ. ಹೀಗೆ ನಾಲ್ಕು ವರ್ಷ ಅನುಭವವಿರುವ ಆರಂಭಶೂರನಿಗೆ ಇರುವುದು ಒಂದೇ ವರ್ಷದ ಅನುಭವ, ನಾಲ್ಕು ಸಲ.

ಈ ಚಕ್ರ ಕಡಿಯುವುದು ನೀರಿನ ಟ್ಯಾಂಕು. ಮೋಟರ್ ಹಾಕಿ ಮರೆತು, ಟ್ಯಾಂಕು ತುಂಬಿ ಹರಿದು, ಪಕ್ಕದ ಮನೆಯವರು ಕೂಗಿದ ದಿನ, ದಿನಕ್ಕೆರಡು ಸಲ ಮಹಡಿ ಹತ್ತಿ ಇಣುಕುವ ತಾಯಿ ಮಗನನ್ನು ನೋಡುತ್ತಾರೆ: "ಅಷ್ಟು ದುಡ್ಡು ಸುರಿದೆಯಲ್ಲ, ಆ ಡಬ್ಬಿ ಇದಕ್ಕೇನಾದರೂ ಆಗುತ್ತಾ?"

ಆಗುತ್ತದೆ. ಟ್ಯಾಂಕಿನ ಮುಚ್ಚಳದಡಿ ಶ್ರವಣಾತೀತ ಶಬ್ದದ ಸೆನ್ಸರ್ ಕೂರಿಸಿದರೆ, ಅದು ಹೊರಡಿಸಿದ ಶಬ್ದ ನೀರಿಗೆ ತಾಗಿ ಮರಳಲು ಹಿಡಿದ ಸಮಯದಿಂದ ನೀರೆಷ್ಟು ಕೆಳಗಿದೆ ಎಂದು ಲೆಕ್ಕ ಹಾಕಬಹುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನೀರು 15 ಸೆಂಟಿಮೀಟರ್ ಹತ್ತಿರ ಬಂದರೆ ರಿಲೇ ಮೂಲಕ ಮೋಟರ್ ಆರಬೇಕು. 230 ವೋಲ್ಟಿನ ಕಡೆಯ ಜೋಡಣೆ ಎಲೆಕ್ಟ್ರಿಷಿಯನ್‌ನದು. ಅಷ್ಟು ವಿವೇಕ ಆರಂಭಶೂರನಿಗೂ ಉಂಟು.

ಉದ್ಘಾಟನೆಯ ದಿನವೇ ಟ್ಯಾಂಕು ಉಕ್ಕುತ್ತದೆ. ಶಬ್ದ ಹೋಗಿ ಬರುತ್ತದೆ, ಆದ್ದರಿಂದ ಬಂದ ದೂರವನ್ನು ಎರಡರಿಂದ ಭಾಗಿಸಬೇಕು, ಆತ ಭಾಗಿಸಿಲ್ಲ. ನೀರು ಸೆನ್ಸರಿನಿಂದ 10 ಸೆಂಟಿಮೀಟರ್ ಕೆಳಗಿರುವ ಓವರ್‌ಫ್ಲೋ ಪೈಪಿಗೆ ಮುಟ್ಟಿ ಹೊರಗೆ ಸುರಿಯುತ್ತಿದ್ದರೂ ಬೋರ್ಡಿಗೆ ಕಾಣುವುದು 20. ಟ್ಯಾಂಕಿನ್ನೂ ತುಂಬಿಲ್ಲವೆಂದು ಅದು ನಿಷ್ಠೆಯಿಂದ ಮೋಟರ್ ಓಡಿಸುತ್ತದೆ.

ಒದ್ದೆ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೋರ್ಡಿಗೆ ಕಂಡ ಪ್ರತಿ ಅಂಕಿಯನ್ನೂ ಸೀರಿಯಲ್ ಮಾನಿಟರಿನಲ್ಲಿ ಬರೆಸಿ, ಟೇಪು ಹಿಡಿದು ಅಳೆದು, ಎಲ್ಲವೂ ಸರಿಯಾಗಿ ಇಮ್ಮಡಿ ಇರುವುದನ್ನು ಕಂಡ ಆ ಸಂಜೆ ಆತ ಕಲಿತದ್ದು ನಾಲ್ಕು ವರ್ಷದಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಈ ತಪ್ಪು ಯಾರ ಪಾಠದಿಂದಲೂ ನಕಲು ಮಾಡಿದ್ದಲ್ಲ, ಸ್ವಂತದ್ದು. ತಿದ್ದಿದ್ದೂ ಸ್ವಂತ.

ತಿದ್ದಿದ ಮೇಲೂ ತಾಯಿ ಒಂದು ವಾರ ಮಹಡಿ ಹತ್ತಿ ಇಣುಕುತ್ತಾರೆ. ಎಂಟನೆಯ ದಿನ ಹತ್ತುವುದಿಲ್ಲ. ಅಂದಿನಿಂದ ಆತನನ್ನು ಆರಂಭಶೂರರ ಪಟ್ಟಿಯಿಂದ ಕೈಬಿಡಬಹುದು.